ಮೂರನೇ ಪಕ್ಷಕ್ಕೆ ವೋಟು ಹಾಕುವ ಮುಂಚೆ ಈ ಲೆಕ್ಕ ನೋಡಿ

"ಅವರು ಗೆಲ್ಲಲ್ಲ, ವೋಟು ಸುಮ್ನೆ ವೇಸ್ಟ್." ಬೆಂಗಳೂರಿನಲ್ಲಿ ಪ್ರತಿ ಚುನಾವಣೆಯಲ್ಲೂ ಈ ಮಾತು ಕೇಳುತ್ತೇವೆ, ಅಲ್ವಾ? ಕೆಲವು ಕ್ಷೇತ್ರಗಳಲ್ಲಿ ಇದು ನಿಜ, ಕೆಲವು ಕಡೆ ಪೂರ್ತಿ ಸುಳ್ಳು. ನಿಮ್ಮ ಕ್ಷೇತ್ರ ಯಾವ ಥರದ್ದು ಅಂತ ಒಂದು ಸಂಜೆ ಕೂತರೆ ನೀವೇ ತಿಳಿದುಕೊಳ್ಳಬಹುದು.

ಮೊದಲು ಹಿಂದಿನ ಸಲದ ಗೆಲುವಿನ ಅಂತರ ನೋಡಿ. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಇರುತ್ತದೆ. 2023ರಲ್ಲಿ ಜಯನಗರ ತೀರ್ಮಾನವಾಗಿದ್ದು ಬರೀ 16 ವೋಟಿನಲ್ಲಿ. ಅಂಥ ಕಡೆ ಮೂರನೆಯವರಿಗೆ ಬಿದ್ದ ನೂರು ವೋಟು ಕೂಡ ಫಲಿತಾಂಶ ತಿರುಗಿಸಬಹುದು. ಅಮೆರಿಕದಲ್ಲಿ 2000ರ ಅಧ್ಯಕ್ಷ ಚುನಾವಣೆಯಲ್ಲಿ ಆಗಿದ್ದೂ ಇದೇ ಥರ: ಫ್ಲೋರಿಡಾದಲ್ಲಿ ಬುಷ್ ಗೆದ್ದಿದ್ದು 537 ವೋಟಿನಿಂದ, ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಜಾಸ್ತಿ ಬಿದ್ದಿತ್ತು. ಅಂತರ ಇಷ್ಟು ಕಡಿಮೆ ಇದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ದೊಡ್ಡ ಇಬ್ಬರಲ್ಲಿ ಯಾರು ಗೆದ್ದರೂ ನನಗೆ ಪರವಾಗಿಲ್ಲವಾ? ಪರವಾಗಿಲ್ಲ ಅಂದರೆ ಧೈರ್ಯವಾಗಿ ಮೂರನೆಯವರಿಗೆ ಹಾಕಿ. ಅಂತರ ಹತ್ತಾರು ಸಾವಿರ ಇದ್ದರೆ ಈ ಭಯವೇ ಬೇಡ, ನಿಮ್ಮ ವೋಟಿನಿಂದ ಯಾರೂ ಸೋಲುವುದಿಲ್ಲ.

ಆಮೇಲೆ ಫಾರಂ 20 ತೆಗೆಯಿರಿ. ಬೂತ್ ಬೂತ್‌ಗೂ ಯಾರಿಗೆ ಎಷ್ಟು ಬಿತ್ತು ಅಂತ ಅದರಲ್ಲಿರುತ್ತದೆ.

ವೋಟು ಎಲ್ಲಿ ಬಿದ್ದಿದೆ ಅನ್ನುವುದು ಎಷ್ಟು ಬಿದ್ದಿದೆ ಅನ್ನುವಷ್ಟೇ ಮುಖ್ಯ. 2013ರಲ್ಲಿ, ಬಿಜೆಪಿ ಬಿಟ್ಟಿದ್ದ ಯಡಿಯೂರಪ್ಪನವರ ಕೆಜೆಪಿಗೆ ರಾಜ್ಯದಲ್ಲಿ ಹತ್ತಿರ ಹತ್ತಿರ ಶೇ. 10ರಷ್ಟು ವೋಟು ಬಂತು, ಸೀಟು ಮಾತ್ರ 6. ಆದರೆ ಅದು ಬಿಜೆಪಿಯ ವೋಟು ಒಡೆದು ಅವರನ್ನು 40ಕ್ಕೆ ಇಳಿಸುವುದರಲ್ಲಿ ದೊಡ್ಡ ಪಾಲು ಪಡೆಯಿತು. 2018ರಲ್ಲಿ ಜೆಡಿಎಸ್‌ಗೆ ಬಂದಿದ್ದು ಸುಮಾರು ಶೇ. 18, ಅದರಲ್ಲಿ ಹೆಚ್ಚಿನದು ಹಳೇ ಮೈಸೂರು ಭಾಗದಲ್ಲೇ ಒಟ್ಟಾಗಿ ಬಿದ್ದಿದ್ದರಿಂದ 37 ಸೀಟು ಸಿಕ್ಕಿತು, ಯಾರಿಗೂ ಬಹುಮತ ಇಲ್ಲದ್ದರಿಂದ ಕುಮಾರಸ್ವಾಮಿ ಮುಖ್ಯಮಂತ್ರಿಯೇ ಆದರು. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಪಕ್ಷೇತರರಾಗಿ ನಿಂತ ರಾಸ್ ಪೆರೋಗೆ 1992ರಲ್ಲಿ ಹೆಚ್ಚು ಕಡಿಮೆ ಶೇ. 19 ವೋಟು ಬಿದ್ದರೂ ಯಾವ ರಾಜ್ಯವೂ ಸಿಗಲಿಲ್ಲ, ಯಾಕೆಂದರೆ ಆ ವೋಟು ದೇಶದ ತುಂಬಾ ಚದುರಿತ್ತು. ಹಾಗಾಗಿ ಪಕ್ಷದ ಒಟ್ಟು ಶೇಕಡಾವಾರು ನೋಡಿ ಹಿಗ್ಗಬೇಡಿ, ನಿಮ್ಮ ಬೂತಿನಲ್ಲಿ ಅವರಿಗೆ ಬೇರು ಇದೆಯಾ ನೋಡಿ. ಒಂದು ಅಳತೆ ಬೇಕಿದ್ದರೆ ಠೇವಣಿ ಇದೆ: ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟಿದರಷ್ಟೇ ಅದು ಉಳಿಯುತ್ತದೆ. ಹಿಂದಿನ ಸಲ ಠೇವಣಿ ಉಳಿಸಿಕೊಂಡವರಾದರೆ ಈ ಸಲ ಅವರನ್ನು ಗಂಭೀರವಾಗಿಯೇ ತಗೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಮೂರನೆಯವರಿಗೆ ನಿಜವಾದ ಜಾಗ ವಾರ್ಡ್ ಚುನಾವಣೆ. ಅಲ್ಲಿ ಕೆಲವೇ ಸಾವಿರ ವೋಟಿಗೆ ಗೆಲುವು, ಕಸ, ಚರಂಡಿ, ಫುಟ್‌ಪಾತ್‌ಗೆ ಓಡಾಡಿದವರು ಯಾರು ಅಂತ ಬೀದಿಗೇ ಗೊತ್ತಿರುತ್ತದೆ. 2015ರ ಬಿಬಿಎಂಪಿ ಚುನಾವಣೆ ನೆನಪಿಸಿಕೊಳ್ಳಿ. 198ರಲ್ಲಿ 100 ವಾರ್ಡ್ ಬಿಜೆಪಿ ಗೆದ್ದಿತ್ತು. ಆದರೂ ಮೇಯರ್ ಆಗಿದ್ದು ಕಾಂಗ್ರೆಸ್‌ನವರು, ಯಾಕೆಂದರೆ ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರಿಗೂ ಮತ ಇತ್ತು, ಜತೆಗೆ 14 ವಾರ್ಡ್ ಗೆದ್ದಿದ್ದ ಜೆಡಿಎಸ್ ಮತ್ತು ಪಕ್ಷೇತರರು ಕಾಂಗ್ರೆಸ್ ಕಡೆ ನಿಂತರು.

ಅದಕ್ಕೇ ಮನೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ನೇರವಾಗಿ ಕೇಳಿ: "ಗೆದ್ದ ಮೇಲೆ ಯಾರ ಜತೆ ಹೋಗ್ತೀರಿ? ಬದಲಿಗೆ ನಮ್ಮ ಏರಿಯಾಗೆ ಏನು ಕೇಳ್ತೀರಿ?" 2023ರ ಮೇ ತಿಂಗಳಲ್ಲಿ ಬಿಜೆಪಿ ವಿರುದ್ಧ ನಿಂತ ಜೆಡಿಎಸ್ ಸೆಪ್ಟೆಂಬರ್‌ನಲ್ಲಿ ಅದರ ಜತೆಗೇ ಮೈತ್ರಿ ಮಾಡಿಕೊಂಡಿತು. ಪಕ್ಷೇತರ ಶಾಸಕರು ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹರಾಗುತ್ತಾರೆ, ಆದರೆ ಹೊರಗಿನಿಂದ ಬೆಂಬಲ ಕೊಡುವುದಕ್ಕೆ ಅಡ್ಡಿಯಿಲ್ಲ. ಉತ್ತರ ತಪ್ಪಿಸಿಕೊಳ್ಳುವವರಿಗೆ ನಾನಂತೂ ವೋಟು ಹಾಕುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿರಲಿ.