ಮೂರು ಎಲ್‌ಪಾರ್‌ಗೆ ಒಂದೇ ಪ್ರೊಫೈಲ್: ನನ್ನ ಅನುಭವ

ನಾನು ಕೆಲಸ ಮಾಡೋದು ತೀರ್ಥಹಳ್ಳಿಯ ಮನೆಯಿಂದ. ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಝಡ್/ಓಎಸ್ ಓಡುವ ಮೂರು ಎಲ್‌ಪಾರ್‌ಗಳ (ಮೇನ್‌ಫ್ರೇಮನ್ನು ಪಾಲು ಮಾಡಿದ ಭಾಗಗಳು; ಒಂದೊಂದೂ ಸ್ವತಂತ್ರ ಸಿಸ್ಟಂ) ಟಿಸಿಪಿ/ಐಪಿ, ಅಂದರೆ ನೆಟ್‌ವರ್ಕ್ ಸಾಫ್ಟ್‌ವೇರ್, ನನ್ನ ಕೈಗೆ ಬಂದಾಗ ಒಂದೊಂದಕ್ಕೂ ಬೇರೆ ಪ್ರೊಫೈಲ್ (ಅದರ ಸೆಟ್ಟಿಂಗ್ ಫೈಲ್) ಇತ್ತು. ನಿಜಕ್ಕೂ ಬೇರೆ ಇರಬೇಕಾದದ್ದು ಐಪಿ ವಿಳಾಸ, ಹೋಸ್ಟ್ ಹೆಸರು, ಅಷ್ಟೇ. ಉಳಿದ ಸಾಲುಗಳೂ ಕಾಲಕ್ರಮೇಣ ದಿಕ್ಕಿಗೊಂದು ಹೋಗಿದ್ದವು. ಯಾವುದು ಬೇಕೆಂದೇ ಮಾಡಿದ್ದು, ಯಾವುದು ಸುಮ್ನೆ ಉಳಿದದ್ದು ಅಂತ ಹೇಳುವವರಿಲ್ಲ.

ಹಾಗಾಗಿ ಪ್ರೊಫೈಲ್ ಒಂದೇ ಮಾಡಿದೆ. ವ್ಯತ್ಯಾಸಗಳೆಲ್ಲ ಪಾರ್ಮ್‌ಲಿಬ್‌ನ (ಸಿಸ್ಟಂನ ಸೆಟ್ಟಿಂಗ್‌ಗಳಿರುವ ಲೈಬ್ರರಿ) ಐಇಎಸಿಮ್ ಮೆಂಬರ್‌ಗೆ (ಅದರೊಳಗಿನ ಒಂದು ಫೈಲ್) ಹೋದವು. ಅಲ್ಲಿ ಸಿಸ್‌ಡೆಫ್‌ನಲ್ಲಿ ಎಲ್‌ಪಾರ್ ಹೆಸರು, ಅದರ ಕೆಳಗೆ ಸಿಮ್‌ಡೆಫ್‌ನಲ್ಲಿ ಆ ಸಿಸ್ಟಂನ ಸಿಂಬಲ್‌ಗಳು, ಅಂದರೆ ಪ್ರೊಫೈಲ್‌ನಲ್ಲಿ ಬರೆದ ಕಡೆ ತಮ್ಮ ಬೆಲೆಗೆ ಬದಲಾಗುವ ಹೆಸರುಗಳು. ಐಪಿಎಲ್ (ಸಿಸ್ಟಂ ಬೂಟ್) ಆಗುವಾಗ ಪ್ರತಿ ಸಿಸ್ಟಂ ತನ್ನ ಪಾಲಿನದನ್ನಷ್ಟೇ ಎತ್ತಿಕೊಳ್ಳುತ್ತದೆ.

ಪೂರ್ತಿ ವಿಳಾಸವನ್ನೇ ಸಿಂಬಲ್‌ಗೆ ತುಂಬಲು ಹೋಗಬೇಡಿ. ಮಾಮೂಲಿ ಸಿಂಬಲ್‌ನ ಬೆಲೆ, & ಸೇರಿಸಿ ಎಣಿಸಿದ ಅದರ ಹೆಸರಿಗಿಂತ ಉದ್ದ ಇರುವಂತಿಲ್ಲ. ಬದಲಾಗುವ ತುಂಡು ಮಾತ್ರ ಸಾಕು. ಚುಕ್ಕೆಯ ಮೇಲೂ ಕಣ್ಣಿರಲಿ. ಸಿಂಬಲ್ ಹೆಸರಿನ ಕೊನೆಯ ಚುಕ್ಕೆಯನ್ನು ಸಿಸ್ಟಂ ನುಂಗಿಬಿಡುತ್ತದೆ. &ನೆಟ್ ಬೆಲೆ 31 ಅಂದುಕೊಳ್ಳಿ. 10.20.&ನೆಟ್.5 ಅಂತ ಬರೆದರೆ 10.20.315 ಆಗುತ್ತದೆ! 10.20.&ನೆಟ್..5 ಅಂತ ಎರಡು ಚುಕ್ಕೆ ಇಟ್ಟರೆ ಸರಿ.

ಟಿಸಿಪಿಐಪಿ.ಡೇಟಾ ಎಂಬ ಇನ್ನೊಂದು ಸೆಟ್ಟಿಂಗ್ ಫೈಲ್‌ನಲ್ಲಿ ಸಾಲಿನ ಮುಂದೆ ಸಿಸ್ಟಂ ಹೆಸರು, ಕೋಲನ್ ಹಾಕಿದರೆ ಆ ಸಾಲು ಆ ಸಿಸ್ಟಂಗೆ ಮಾತ್ರ. ಆದರೆ ಇಲ್ಲಿ ಹೋಲಿಸಿ ನೋಡುವುದು ವಿಎಂಸಿಎಫ್‌ನ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಭಾಗ) ನೋಡ್ ಹೆಸರನ್ನು. ಇಝಡ್‌ಎಝಡ್‌ಎಸ್‌ಎಸ್‌ಐ ಪ್ರೊಸೀಜರ್ ಶುರು ಮಾಡುವಾಗ ಪಿ= ಅಂತ ಕೊಟ್ಟದ್ದೇ ಆ ಹೆಸರು. ನಾನು ಅಲ್ಲಿ &ಸಿಸ್‌ನೇಮ್ (ಆಯಾ ಸಿಸ್ಟಂನ ಹೆಸರಾಗುವ ಸಿಂಬಲ್) ಕೊಟ್ಟು ತಲೆನೋವು ಮುಗಿಸಿದೆ.

"ಸರ್, ಮೂರು ಫೈಲ್ ಇದ್ರೆ ಓದೋಕೆ ಸುಲಭ ಅಲ್ವಾ?" ಅಂತ ಟೀಮಿನ ಹುಡುಗ ಕೇಳಿದ. ಓದಲು ಸುಲಭ, ನಿಜ. ಆದರೆ ನಡುರಾತ್ರಿ ತಿದ್ದುವವರು ಒಂದನ್ನು ತಿದ್ದಿ ಮಲಗುತ್ತಾರೆ.

ನನ್ನ 3270 ಸೆಷನ್ (ಮೇನ್‌ಫ್ರೇಮ್‌ಗೆ ಲಾಗಿನ್ ಆಗುವ ಟರ್ಮಿನಲ್) ಓಡುವುದೂ ಅದೇ ಟಿಸಿಪಿ/ಐಪಿ ಸ್ಟ್ಯಾಕ್ ಮೇಲೆ. ವಿಳಾಸ ಕೆಟ್ಟರೆ ಕೂತ ಕೊಂಬೆ ಕಡಿದಂತೆ. ಮೇಲಾಗಿ ಇಲ್ಲಿ ಆಷಾಢದ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅದಕ್ಕೇ ಮೊದಲು ಡಿ ಸಿಂಬಲ್ಸ್ ಕಮಾಂಡ್ ಕೊಟ್ಟು ಬೆಲೆಗಳನ್ನು ನೋಡುತ್ತೇನೆ. ಆಮೇಲೆ ಸಿಂಟ್ಯಾಕ್ಸ್‌ಚೆಕ್. ಅದು ಬರವಣಿಗೆಯ ತಪ್ಪು ಹಿಡಿಯುತ್ತದೆಯೇ ಹೊರತು ವಿಳಾಸ ಯಾರದ್ದು ಅಂತ ಕೇಳುವುದಿಲ್ಲ. ಡೇಟಾ ಸೆಂಟರ್‌ನಲ್ಲಿ ಕನ್ಸೋಲ್ ಮುಂದೆ ಕೂತವರನ್ನು ಫೋನಿನಲ್ಲಿ ಇಟ್ಟುಕೊಂಡೇ ಒಬೇಫೈಲ್ (ಬದಲಾವಣೆಯನ್ನು ಓಡುತ್ತಿರುವ ಸ್ಟ್ಯಾಕ್‌ಗೆ ಜಾರಿ ಮಾಡುವ ಕಮಾಂಡ್) ಕೊಡುತ್ತೇನೆ. ನೆಟ್‌ಸ್ಟ್ಯಾಟ್ ಹೋಮ್ ಕಮಾಂಡಿನ ಉತ್ತರದಲ್ಲಿ ಸರಿಯಾದ ವಿಳಾಸ ಕಂಡ ಮೇಲೇ ಅವರನ್ನು ಬಿಡುವುದು.