ರೋಹಿಣಿ ಮಳೆಗೆ ಮುಂಚೆ ಡೇರೆ ಗೆಡ್ಡೆ ನೆಡಿ

ಮೇ ಕೊನೆ ವಾರ ರೋಹಿಣಿ ಮಳೆ ಹುಟ್ಟುತ್ತದೆ. ಅಷ್ಟರೊಳಗೆ ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆ ಮಣ್ಣು ಸೇರಿರಬೇಕು ಅನ್ನುವುದು ನನ್ನ ಲೆಕ್ಕ. ನಮ್ಮ ಶಿರಸಿ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬಿಡುವುದಿಲ್ಲ. ಆಮೇಲೆ ಕೆಸರಿನಲ್ಲಿ ನೆಟ್ಟರೆ ಕೊಳೆಯುವುದೇ ಜಾಸ್ತಿ.

ಮರಳಿನಲ್ಲಿ ಇಟ್ಟ ಗೆಡ್ಡೆ ಹೊರಗೆ ತೆಗೆದು ಒತ್ತಿ ನೋಡಿ. ಮೆತ್ತಗಾಗಿದ್ದರೆ ಎಸೆಯಿರಿ. ಸ್ವಲ್ಪ ಸುಕ್ಕಾಗಿದ್ದರೆ ಪರವಾಗಿಲ್ಲ. ದಪ್ಪ ಗೆಡ್ಡೆಯನ್ನೇ ಆರಿಸುವುದು ಬೇಡ, ಕಣ್ಣು ನೋಡಿ. ಆಲೂಗಡ್ಡೆಗೆ ಮೈಯೆಲ್ಲಾ ಕಣ್ಣು, ಡೇರೆಗೆ ಹಾಗಲ್ಲ. ಹಳೆ ಕಾಂಡ ಕೂಡುವ ಕುತ್ತಿಗೆಯಲ್ಲಿ ಮಾತ್ರ ಸಣ್ಣಗೆ ಉಬ್ಬಿಕೊಂಡಿರುತ್ತದೆ. ಗೊಂಚಲು ಬಿಡಿಸುವಾಗ ಪ್ರತಿ ಗೆಡ್ಡೆಗೂ ಆ ಕುತ್ತಿಗೆಯ ಚೂರು ಅಂಟಿಕೊಂಡೇ ಬರಬೇಕು. ಇಲ್ಲದಿದ್ದರೆ ಗೆಡ್ಡೆ ಎಷ್ಟು ಚೆಂದ ಇದ್ದರೂ ಮೊಳೆಯುವುದಿಲ್ಲ. ಕಣ್ಣು ಗುರುತೇ ಸಿಗದಿದ್ದರೆ ಗೊಂಚಲನ್ನು ಹಾಗೇ ಒಂದು ವಾರ ಹಸಿ ಮರಳಿನ ಮೇಲಿಡಿ, ತಾನಾಗಿ ಎದ್ದು ಕಾಣುತ್ತದೆ. ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ, ಒಂದೆರಡು ದಿನ ನೆರಳಿನಲ್ಲಿ ಆರಲು ಬಿಡಿ.

ಡೇರೆ ಮೂಲದಲ್ಲಿ ಮೆಕ್ಸಿಕೋದ ಬೆಟ್ಟದ ಕಡೆಯ ಗಿಡ. ಬುಡದಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಬಿಸಿಲು ಬೀಳುವ ಕಡೆ ಒಂದಡಿ ಎತ್ತರಕ್ಕೆ ಮಡಿ ಏರಿಸಿ. ಮಾಡಿನ ನೀರು ಸುರಿಯುವ ಸಾಲು ಬೇಡವೇ ಬೇಡ. ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನೇ ಹಾಕಿ.

ಮೊದಲು ಕೋಲು ಊರಿ, ಆಮೇಲೆ ಗೆಡ್ಡೆ. ಗಿಡ ಎದ್ದ ಮೇಲೆ ಕೋಲು ಚುಚ್ಚಿದರೆ ಅದು ನೇರ ಗೆಡ್ಡೆಗೇ ಹೋಗುತ್ತದೆ, ಅಲ್ವಾ? ಕಣ್ಣು ಕೋಲಿನ ಕಡೆಗೆ ಬರುವಂತೆ ಗೆಡ್ಡೆಯನ್ನು ಅಡ್ಡ ಮಲಗಿಸಿ, ನಾಲ್ಕು ಬೆರಳು ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಎರಡಡಿ ಇರಲಿ. ಮೊಳಕೆ ಕಾಣುವ ತನಕ ಸುಮ್ನೆ ನೀರು ಹೊಯ್ಯಬೇಡಿ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ. ಕವಲು ಒಡೆದು ಹೂ ಜಾಸ್ತಿ ಬಿಡುತ್ತದೆ.

ಎಳೆ ಮೊಳಕೆಗೆ ದೊಡ್ಡ ಶತ್ರು ಬಸವನಹುಳು. ಒಂದೇ ರಾತ್ರಿಯಲ್ಲಿ ಬುಡಮಟ್ಟ ತಿಂದು ಹಾಕುತ್ತದೆ. ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಆರಿಸಿ ಉಪ್ಪುನೀರಿಗೆ ಹಾಕಿ.

ಶುಂಠಿ, ಅರಿಶಿನ ನೆಡುವುದಕ್ಕೂ, ಸೌತೆ ಬೀಜ ಹಾಕುವುದಕ್ಕೂ ಇದೇ ಹೊತ್ತು. ಡೇರೆ ಗೆಡ್ಡೆ ಉಳಿದರೆ ಬಣ್ಣದ ಹೆಸರು ಬರೆದ ಚೀಟಿ ಕಟ್ಟಿ ಅಕ್ಕಪಕ್ಕದವರಿಗೆ ಕೊಟ್ಟುಬಿಡಿ. ಅವರೂ ಈಗಲೇ ನೆಟ್ಟರೆ ಚೌತಿ ಹೊತ್ತಿಗೆ ಹೂ ನೋಡಬಹುದು.