ಬೇರೆ ಸ್ಟೇಟಿನ ಬಾಂಡ್ ಬಡ್ಡಿ: ಕ್ಯಾಲಿಫೋರ್ನಿಯಾ ರಿಟರ್ನ್‌ನಲ್ಲಿ ನಾನು ತೋರಿಸಿದ ಬಗೆ

"ಮ್ಯುನಿಸಿಪಲ್ ಬಾಂಡ್ ತಗೋ, ಬಡ್ಡಿಗೆ ಟ್ಯಾಕ್ಸೇ ಇಲ್ಲ." ಆಸ್ಟಿನ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ 2022ರಲ್ಲಿ ಹೀಗೆ ಹೇಳಿದ. ಮ್ಯುನಿಸಿಪಲ್ ಬಾಂಡ್ ಅಂದರೆ ಸ್ಟೇಟ್, ಊರಿನ ಆಡಳಿತ, ಶಾಲಾ ಮಂಡಳಿಯಂಥವು ಸಾಲ ಎತ್ತಲು ಹೊರಡಿಸುವ ಪತ್ರ. ಅವನ ಮಟ್ಟಿಗೆ ಅವನ ಮಾತು ಸರಿ. ಟೆಕ್ಸಾಸ್‌ನಲ್ಲಿ ಸ್ಟೇಟ್ ಆದಾಯ ತೆರಿಗೆಯೇ ಇಲ್ಲ. ಆದರೆ ನಾವಿರುವುದು ಫ್ರೀಮಾಂಟ್‌ನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಆ ತೆರಿಗೆ ಇದೆ, ಜಾಸ್ತಿಯೇ ಇದೆ.

ಆ ವರ್ಷ ಮೂರು ಕೊಂಡೆ. ನಮ್ಮದೇ ಸ್ಟೇಟಿನ ಒಂದು ನೀರು ಸರಬರಾಜು ಬಾಂಡ್, ನ್ಯೂಯಾರ್ಕ್‌ನ ಒಂದು ಶಾಲಾ ಬಾಂಡ್, ಜೊತೆಗೆ ದೇಶದ ಎಲ್ಲ ಕಡೆಯ ಬಾಂಡ್‌ಗಳನ್ನು ಇಟ್ಟುಕೊಂಡಿರುವ ಒಂದು ಫಂಡ್. ತೆರಿಗೆ ಕಾಲಕ್ಕೆ 1099 ಬಂತು, ಅಂದರೆ ಆ ವರ್ಷ ಬಂದ ಬಡ್ಡಿ, ಡಿವಿಡೆಂಡ್ ಎಷ್ಟು ಎಂದು ತೋರಿಸುವ ಫಾರ್ಮ್. ಅದರ ಮೇಲೆ ತೆರಿಗೆ ಇಲ್ಲದ ಬಡ್ಡಿ ಎಂದೇ ಬರೆದಿತ್ತು. ಈ ಬಡ್ಡಿ ಯಾವ ಸ್ಟೇಟಿನದು ಎಂದು ಸಾಫ್ಟ್‌ವೇರ್ ಕೇಳಿತು. ನಾನಿರುವ ಸ್ಟೇಟನ್ನು ಕೇಳುತ್ತಿದೆ ಅಂದುಕೊಂಡು ಕ್ಯಾಲಿಫೋರ್ನಿಯಾ ಒತ್ತಿ ಮುಂದೆ ಹೋದೆ. ತಪ್ಪು ಆಗಿದ್ದು ಅಲ್ಲೇ. ಅದು ಕೇಳಿದ್ದು ಬಾಂಡ್ ಹೊರಡಿಸಿದ ಸ್ಟೇಟನ್ನು.

ಮಾರನೆಯ ವರ್ಷ, 2023ರ ರಿಟರ್ನ್ ಮಾಡುವಾಗ, ಸುಮ್ನೆ ಒಂದು ಸಲ ಶೆಡ್ಯೂಲ್ ಸಿಎಯ ಸೂಚನೆ ಓದಿದೆ. ಫೆಡರಲ್ (ಕೇಂದ್ರ) ರಿಟರ್ನ್‌ನ ಆದಾಯಕ್ಕೂ ಕ್ಯಾಲಿಫೋರ್ನಿಯಾದ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಸೇರಿಸುವ, ಕಳೆಯುವ ಪುಟ ಅದು. ಆಗ ಗೊತ್ತಾಯಿತು. ಫೆಡರಲ್ ಸರ್ಕಾರ ಯಾವ ಸ್ಟೇಟಿನ ಮ್ಯುನಿಸಿಪಲ್ ಬಡ್ಡಿಯನ್ನಾದರೂ ಸಾಮಾನ್ಯವಾಗಿ ತೆರಿಗೆಯಿಂದ ಬಿಡುತ್ತದೆ. ಕ್ಯಾಲಿಫೋರ್ನಿಯಾ ಬಿಡುವುದು ತನ್ನ ಬಾಂಡ್‌ಗಳ ಬಡ್ಡಿಯನ್ನು. ಊರಿನ ಎನ್‌ಆರ್‌ಇ ಎಫ್‌ಡಿ (ಅನಿವಾಸಿ ಭಾರತೀಯರ ನಿಶ್ಚಿತ ಠೇವಣಿ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಇಲ್ಲಿ ಕಟ್ಟಬೇಕು ಅಲ್ವಾ? ಇದೂ ಹಾಗೆಯೇ. ಇದು ನ್ಯಾಯವೇ ಎಂದು ಕೆಂಟಕಿಯ ದಂಪತಿ ಕೋರ್ಟಿಗೂ ಹೋಗಿದ್ದರು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟೇಟ್‌ಗಳ ಪರವಾಗಿ ತೀರ್ಪು ಕೊಟ್ಟಿತು.

ನಾನು ಲೆಕ್ಕ ಹಾಕಿದ್ದು ಹೀಗೆ. ಬಡ್ಡಿ ತೋರಿಸುವ 1099-ಐಎನ್‌ಟಿಯ 8ನೇ ಬಾಕ್ಸಿನಲ್ಲಿ 900 ಡಾಲರ್ ಇತ್ತು. ಎರಡೂ ಬಾಂಡ್ ಸೇರಿದ ಮೊತ್ತ ಅದು. ಬಿಡಿಸಿ ನೋಡಲು ಹಿಂದಿನ ಪುಟಗಳಿಗೆ ಹೋಗಬೇಕು, ಅಲ್ಲಿ ಒಂದೊಂದು ಬಾಂಡ್‌ನ ವಿವರವೂ ಇರುತ್ತದೆ. ಕ್ಯಾಲಿಫೋರ್ನಿಯಾದ್ದು 400, ನ್ಯೂಯಾರ್ಕ್‌ನದ್ದು 500. ನ್ಯೂಯಾರ್ಕ್ ಬಾಂಡನ್ನು ಮುಖಬೆಲೆಗಿಂತ ಜಾಸ್ತಿ ಕೊಟ್ಟು ಕೊಂಡಿದ್ದೆ. ಆ ಪ್ರೀಮಿಯಂನಲ್ಲಿ ಆ ವರ್ಷದ ಪಾಲು 110 ಡಾಲರ್, 13ನೇ ಬಾಕ್ಸಿನಲ್ಲಿತ್ತು. ಅದನ್ನು ಕಳೆದರೆ 390. ಈ ಬಾಕ್ಸನ್ನು ದಯವಿಟ್ಟು ಬಿಡಬೇಡಿ. ಬಿಟ್ಟರೆ ಕೈಗೆ ಬಂದ ಲಾಭಕ್ಕಿಂತ ಜಾಸ್ತಿಗೆ ತೆರಿಗೆ ಕಟ್ಟುತ್ತೀರಿ.

ಫಂಡ್‌ನದ್ದು ಬೇರೆ ಕಥೆ. ಅದು ಡಿವಿಡೆಂಡ್ ತೋರಿಸುವ 1099-ಡಿಐವಿಯ 12ನೇ ಬಾಕ್ಸಿನಲ್ಲಿ 1,860 ಡಾಲರ್ ಎಂದು ಬಂದಿತ್ತು. ಯಾವ ಸ್ಟೇಟಿನಿಂದ ಶೇಕಡಾ ಎಷ್ಟು ಎಂಬ ಪಟ್ಟಿಯನ್ನು ಫಂಡ್ ಕಂಪನಿ ಪ್ರತಿ ವರ್ಷ ಕೊಡುತ್ತದೆ. ಅದರಲ್ಲಿ ಕ್ಯಾಲಿಫೋರ್ನಿಯಾದ ಪಾಲೂ ಇತ್ತು. ಅಷ್ಟನ್ನಾದರೂ ಬಿಡಿಸಿಕೊಳ್ಳೋಣ ಅಂದುಕೊಂಡೆ. ಆಗಲಿಲ್ಲ. ಫಂಡ್‌ನ ಆಸ್ತಿಯಲ್ಲಿ ಕನಿಷ್ಠ 50% ಕ್ಯಾಲಿಫೋರ್ನಿಯಾ ಬಾಂಡ್ ಅಥವಾ ಸ್ಟೇಟ್ ತೆರಿಗೆ ಇಲ್ಲದ ಅಮೆರಿಕ ಸರ್ಕಾರದ ಸಾಲಪತ್ರ ಇದ್ದರೆ ಮಾತ್ರ ಆ ಪಾಲಿಗೆ ರಿಯಾಯಿತಿ. ನನ್ನ ಫಂಡ್ ಅದರ ಹತ್ತಿರಕ್ಕೂ ಬರಲಿಲ್ಲ. ಹಾಗಾಗಿ ಪೂರ್ತಿ 1,860 ಸೇರಿಸಿದೆ. ಪಟ್ಟಿಯಲ್ಲಿರುವ ಶೇಕಡಾವಾರು ನೋಡಿ ತುಂಬಾ ಜನ ಎಡವುವುದು ಇಲ್ಲೇ. ಈ ನಿಯಮ ಎಲ್ಲ ಸ್ಟೇಟಿಗೂ ಒಂದೇ ಅಲ್ಲ. ಮಿನ್ನೆಸೋಟಾದಲ್ಲಿ ಮಿತಿ 95%.

390ಕ್ಕೆ 1,860 ಸೇರಿಸಿದರೆ 2,250. ಶೆಡ್ಯೂಲ್ ಸಿಎಯಲ್ಲಿ ಬಡ್ಡಿಯ ಸಾಲು 2ನೇದು. ಅದರ ಸಿ ಕಾಲಂ, ಅಂದರೆ ಸೇರಿಸುವ ಕಾಲಂನಲ್ಲಿ, ಈ ಮೊತ್ತ ಬರೆದೆ. ಫೆಡರಲ್ ರಿಟರ್ನ್ ಆದ ಫಾರ್ಮ್ 1040ರ 2ಎ ಸಾಲಿನಲ್ಲಿ ಮೂರೂ ಸೇರಿ 2,650 ಇತ್ತು. ಅದರಲ್ಲಿ ನಮ್ಮ ಸ್ಟೇಟಿನ 400 ಕಳೆದರೆ ಸರಿಯಾಗಿ 2,250. ಈ ತಾಳೆ ನೋಡಿದ ಮೇಲೆ ಸಮಾಧಾನ ಆಯಿತು. ನಮ್ಮ ಆದಾಯಕ್ಕೆ 9.3% ದರ. ತೆರಿಗೆ ಸುಮಾರು 209 ಡಾಲರ್ ಆಯಿತು.

ಅಮೆರಿಕ ಸರ್ಕಾರದ ಟ್ರೆಷರಿ ಸಾಲಪತ್ರದ ಬಡ್ಡಿಯದ್ದು ಇದರ ಉಲ್ಟಾ. ಅದಕ್ಕೆ ಫೆಡರಲ್ ತೆರಿಗೆ ಇದೆ, ಸ್ಟೇಟ್ ತೆರಿಗೆ ಇಲ್ಲ. ಅದನ್ನು ಬಿ ಕಾಲಂನಲ್ಲಿ ಕಳೆಯಬೇಕು. ಪೋರ್ಟೊರಿಕೊ, ಗ್ವಾಮ್ ಬಾಂಡ್‌ಗಳನ್ನು ನೇರವಾಗಿ ಇಟ್ಟುಕೊಂಡಿದ್ದರೆ ಅವುಗಳ ಬಡ್ಡಿಗೆ ಇಲ್ಲೂ ತೆರಿಗೆ ಇಲ್ಲ.

ಹಿಂದಿನ ವರ್ಷದ ತಪ್ಪನ್ನೂ ಹಾಗೇ ಬಿಡಲಿಲ್ಲ. 2022ರ ಕ್ಯಾಲಿಫೋರ್ನಿಯಾ ರಿಟರ್ನ್ ಆದ ಫಾರ್ಮ್ 540 ಅನ್ನು ಮತ್ತೆ ತುಂಬಿ, ಯಾಕೆ ಬದಲಾಯಿತು ಎಂದು ತಿದ್ದುಪಡಿಯ ಪುಟವಾದ ಶೆಡ್ಯೂಲ್ ಎಕ್ಸ್‌ನಲ್ಲಿ ಎರಡು ಸಾಲು ಬರೆದು ಕಳಿಸಿದೆ. ಬಾಕಿಯನ್ನು ಬಡ್ಡಿ ಸಮೇತ ಕಟ್ಟಿದೆ. ನೋಟಿಸ್ ಬರುವ ಮೊದಲೇ ಮುಗಿಸಿದ್ದು ಮನಸ್ಸಿಗೆ ಹಗುರವಾಯಿತು.

ಆಮೇಲೆ ಆ ಫಂಡ್ ಮಾರಿ, ಕ್ಯಾಲಿಫೋರ್ನಿಯಾ ಬಾಂಡ್‌ಗಳದೇ ಫಂಡ್ ಕೊಂಡೆ. ನ್ಯೂಯಾರ್ಕ್ ಬಾಂಡನ್ನು ಮಾತ್ರ ಮಾರಲಿಲ್ಲ. ಸ್ಟೇಟ್ ತೆರಿಗೆ ಕಳೆದರೂ ಅದರ ಬಡ್ಡಿ ನಮಗೆ ಸಾಕು. ಅವಧಿ ಮುಗಿಯುವ ತನಕ ವರ್ಷಕ್ಕೊಂದು ಸಲ ಸಿ ಕಾಲಂ ತುಂಬುತ್ತೇನೆ.